ಸದ್ದಿಲ್ಲದ ಪೆಂಟ

"ಹೊತ್ತಿಕೊಂಡಿತೋ ಇಲ್ವೋ ಇದು?" ಎನ್ನುತ್ತಾ ಯೆರ್ಕೊ ಇನ್ನೊಮ್ಮೆ ಹಗ್ಗಕ್ಕೆ ಕೈ ಹಾಕಿದ.

"ಅಯ್ಯೋ, ಬಿಡಿ ಮಾವಾ! ಆಗಲೇ ಓಡ್ತಿದೆ," ಎಂದು ಅಂಗಡಿಯ ವಿಟ್ಸೆ ಅವನ ಕೈ ಹಿಡಿದ. ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿದ್ದ ಮೋಟಾರಿನ ಪಕ್ಕದಿಂದ ನೀರಿನ ಸಣ್ಣ ಧಾರೆ ಚಿಮ್ಮುತ್ತಿತ್ತು. "ಈ ಧಾರೆ ಬರ್ತಿದ್ರೆ ಆಯ್ತು, ಇದು ಸುಖವಾಗಿದೆ ಅಂತ ಲೆಕ್ಕ."

ದೋಣಿಯ ಹಿಂದೆ ಸಿಕ್ಕಿಸುವ ಮೋಟಾರು ಯಾವ ಕಂಪನಿಯದೇ ಆಗಿರಲಿ, ಆ ದ್ವೀಪದವರ ಬಾಯಲ್ಲಿ ಅದು ಪೆಂಟ. ಯೆರ್ಕೊನ ಹಳೆಯ ಪೆಂಟದ ಆರ್ಭಟ ಎರಡು ದ್ವೀಪಗಳಿಗೂ ಗೊತ್ತು. ಪ್ರತಿ ಭಾನುವಾರ ಅದು ಕೆಮ್ಮುತ್ತಾ ಹೊರಟರೆ, ದಂಡೆಯಲ್ಲಿ ಬಲೆ ಹೊಲಿಯುವವರು "ಹೊರಟಿತಪ್ಪಾ ಮೆರವಣಿಗೆ, ಪೆರಿನಾ ಮನೆಗೆ" ಎಂದು ನಗುತ್ತಿದ್ದರು.

ಪೆರಿನಾ ಎದುರು ದ್ವೀಪದ ವಿಧವೆ. ಹೆಂಡತಿ ತೀರಿಕೊಂಡ ಮೇಲೆ ಯೆರ್ಕೊ ಹೋಗಿ ಕೂರುವ ಮನೆ ಎಂದರೆ ಅವಳದೊಂದೇ. ಹೋದಾಗಲೆಲ್ಲ ಅವಳು ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಲೋ ಒಲೆ ಒರೆಸುತ್ತಲೋ ಇರುತ್ತಿದ್ದಳು. ತಲೆ ಎತ್ತದೆ, "ಓ, ಬಂದ್ಯಾ? ಈ ಬಿಸಿಲಲ್ಲಿ ಯಾಕೆ ಬಂದೆ?" ಅನ್ನುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ, ಅವಳು ಬಾಗಿಲಿಗೆ ಬಂದು ನಿಲ್ಲಬಾರದೇ ಎಂದು ಅವನ ಜೀವ ಹಂಬಲಿಸುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ.

ಹೋದ ಭಾನುವಾರ ಆ ಹಾಳು ಪೆಂಟ ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಮೀನಿನ ದೋಣಿಯವರು ಎಳೆದುಕೊಂಡು ಹೋಗಿ ಮುಟ್ಟಿಸುವಾಗ ಸಂಜೆಯಾಗಿತ್ತು. ಪೆರಿನಾ ಸಿಡಿದಳು: "ನೆಚ್ಚಿಕೊಳ್ಳೋ ಹಾಗಿರೋ ಪೆಂಟ ಒಂದು ತಗೋ. ಇಲ್ಲದಿದ್ರೆ ಇತ್ತ ತಲೆ ಹಾಕಬೇಡ!" ಅದು ಕಾಳಜಿಯೋ, ಅವನನ್ನು ಸಾಗಹಾಕುವ ಉಪಾಯವೋ? ವಾರವಿಡೀ ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ.

"ಇನ್ನೊಂದಿದೆ, ನಿಮ್ಮ ಹಳೇದರ ತಮ್ಮ," ಎಂದ ವಿಟ್ಸೆ. "ಗಟ್ಟಿ ಆಸಾಮಿ, ಬಾಯಿ ಮಾತ್ರ ಜೋರು. ಅಂದಹಾಗೆ, ಪೆಂಟ ಮೀನು ಹಿಡಿಯೋಕಾ, ಎದುರು ದ್ವೀಪಕ್ಕೆ ಮೀನು ಕೊಟ್ಟು ಬರೋಕಾ?"

"ನಿನ್ನ ತಲೆ. ಎರಡರಲ್ಲಿ ದಾರೀಲಿ ಕೈಕೊಡದೇ ಇರೋದು ಯಾವುದು, ಅಷ್ಟು ಹೇಳು."

"ಎರಡೂ ಕೈಕೊಡಲ್ಲ, ಮಾವಾ. ಒಂದು ಕೂಗುತ್ತೆ, ಇನ್ನೊಂದು ಪಿಸುಗುಡುತ್ತೆ, ಅಷ್ಟೇ."

"ಪಿಸುಗುಡೋದೇ ಇರಲಿ. ನಾನು ಎಲ್ಲಿಗೆ ಹೋಗ್ತೀನಿ ಅಂತ ಊರಿಗೆಲ್ಲ ಡಂಗುರ ಸಾರೋದು ಸಾಕಾಗಿದೆ."

ಭಾನುವಾರ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಹೊರಟ. ಹಳೆಯ ಪೆಂಟವನ್ನು ನಂಬಲಾಗದೆ ಇಷ್ಟು ದಿನ ದಡ ಬಿಡದೆ, ಉತ್ತರದ ಭೂಶಿರ ಬಳಸಿಕೊಂಡೇ ಹೋಗುತ್ತಿದ್ದ. ಇವತ್ತು ನಡು ಕಡಲಿಗೇ ದೋಣಿ ತಿರುಗಿಸಿ, ನೆಟ್ಟಗೆ ದಕ್ಷಿಣದ ಕಡೆಯಿಂದ ದ್ವೀಪದತ್ತ ಬಂದ. ಒಳ್ಳೆಯ ಪೆಂಟವೇ, ಒಂದು ಸಲವೂ ತಡವರಿಸಲಿಲ್ಲ.

ದೋಣಿಕಟ್ಟೆ ಹತ್ತಿರವಾದಾಗ ಅಲ್ಲಿ ಯಾರೋ ಕೂತಿದ್ದು ಕಾಣಿಸಿತು. ನೀಲಿ ರವಿಕೆ, ಬಾಚಿ ಕಟ್ಟಿದ ತುರುಬು. ಪಕ್ಕದಲ್ಲಿ ಬೀನ್ಸಿನ ಬಟ್ಟಲು ಇಟ್ಟಂತೆಯೇ ಇತ್ತು. ಪೆರಿನಾ! ಅವನಿಗೆ ಬೆನ್ನು ಮಾಡಿ, ಕಿವಿಯ ಹಿಂದೆ ಅಂಗೈ ಇಟ್ಟು, ಉತ್ತರದ ಭೂಶಿರದ ಕಡೆಗೇ ನೋಡುತ್ತಿದ್ದಳು. ಯೆರ್ಕೊ ಪೆಂಟ ಆರಿಸಿದ. ದೋಣಿ ತನ್ನಷ್ಟಕ್ಕೆ ಜಾರುತ್ತಾ ಹೋಯಿತು.

ಮೇಲಿನ ಕಿಟಕಿಯಿಂದ ಮುದುಕಿಯೊಬ್ಬಳು ಕೂಗಿದಳು: "ಏನೇ ಪೆರಿನಾ, ಇವತ್ತು ಇನ್ನೂ ಒಳಗೆ ಓಡಲಿಲ್ವಲ್ಲ? ಅವನ ಪೆಂಟದ ಸದ್ದು ಕೇಳಿಸಲಿಲ್ವಾ?"

"ಇಲ್ಲ ಕಣಜ್ಜಿ," ಎಂದಳು ಪೆರಿನಾ. "ಎಷ್ಟು ಹೊತ್ತಾಯ್ತು. ನಾನೇ ಬರಬೇಡ ಅಂದುಬಿಟ್ಟೆ, ನನ್ನ ಬಾಯಿಗೆ ಬೆಂಕಿ ಹಾಕ."

ಯೆರ್ಕೊ ನೀರಿಗೆ ಇಳಿಸಿದ್ದ ಹುಟ್ಟನ್ನು ಮೆಲ್ಲಗೆ ಮೇಲೆತ್ತಿ, ಹನಿ ಬಿದ್ದು ಸದ್ದಾಗದಂತೆ ಇಸ್ತ್ರಿ ಅಂಗಿಗೇ ಒತ್ತಿ ಹಿಡಿದುಕೊಂಡ.