ಸುಮ್ಮನಿದ್ದವರ ಮತ

ಈ ಹಿಮದ ನಾಡಿನ ಮೂಲನಿವಾಸಿಗಳು, ನಿಸ್ಗಾ ಜನರಾದ ನಮ್ಮಲ್ಲಿ, ಔತಣದ ಮನೆಯಲ್ಲಿ ಸುಮ್ಮನೆ ಕೂತವರು ಒಪ್ಪಿದವರು. ಯಾರಿಗೆ ಯಾವ ಹೆಸರು ಸಂದಿತು, ಯಾವ ಹಳ್ಳ ಯಾವ ಮನೆತನದ್ದು ಎಂದು ಹಿರಿಯರು ಎದ್ದು ಹೇಳುತ್ತಾರೆ. ತಕರಾರಿದ್ದರೆ ಅಲ್ಲೇ ಎತ್ತಬೇಕು. ಇಲ್ಲದಿದ್ದರೆ ಕೊಟ್ಟ ಉಡುಗೊರೆ ತೆಗೆದುಕೊಂಡು, ಸಾಕ್ಷಿಯಾಗಿ ಮನೆಗೆ ಹೋಗಬೇಕು.

೧೯೯೮ರ ನವೆಂಬರಿನ ಮತದಾನದಲ್ಲಿ ಇದೆಲ್ಲ ಉಲ್ಟಾ ಆಗಿತ್ತು. ನಮ್ಮ ನೆಲದ ಬಗ್ಗೆ ಸರ್ಕಾರದ ಜೊತೆಗಿನ ಒಪ್ಪಂದಕ್ಕೆ ನಮ್ಮ ಸಮ್ಮತಿ ಸಿಗಬೇಕಾದರೆ ಮತದಾರರ ಪಟ್ಟಿಯಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಎನ್ನಬೇಕಿತ್ತು. ಮನೆಯಲ್ಲೇ ಉಳಿದವರು ಬೇಡ ಎಂದವರ ಜೊತೆ ಸೇರಿಹೋಗುತ್ತಿದ್ದರು. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಹಿರಿಯರು ಅರ್ಜಿ ಕೊಟ್ಟದ್ದು, ಕೋರ್ಟು ಹತ್ತಿದ್ದು, ಎಲ್ಲ ಅಲ್ಲಿಗೆ ಬಂದು ನಿಂತಿತ್ತು. ಮನೆಮನೆಗೆ ಹೋಗಿ ಜನರನ್ನು ಹೊರಡಿಸುವುದು ನನ್ನ ಕೆಲಸ.

ಕೊನೆಯ ದಿನ ಮಧ್ಯಾಹ್ನ ನನ್ನ ಪಟ್ಟಿಯಲ್ಲಿ ಉಳಿದದ್ದು ಲವೀನಿಯಾ ದೊಡ್ಡಮ್ಮನ ಹೆಸರು. ನನ್ನ ತಾಯಿಯ ಅಕ್ಕ, ನಮ್ಮ ಮನೆತನದ ಹಿರಿಯಳು. ಇಷ್ಟು ಓದಿ ಕಡೆಗೆ ಬಾಗಿಲು ತಟ್ಟೋ ಕೆಲಸ ಸಿಕ್ತೇನೇ ಎಂದು ಕಿಚಾಯಿಸುತ್ತಲೇ ಬೇಯಿಸಿದ ಆಲೂಗಡ್ಡೆಯ ಮೇಲೆ ಮೀನೆಣ್ಣೆ ಸುರಿದು ತಟ್ಟೆ ಮುಂದಿಟ್ಟಳು.

ಅವಳು ಯಾಕೆ ಹೊರಟಿರಲಿಲ್ಲ ಎಂದು ನನಗೆ ಗೊತ್ತಿತ್ತು. ಒಪ್ಪಂದದ ನಕ್ಷೆಯಲ್ಲಿ ನಮ್ಮ ಪಾಲಿಗೆ ಉಳಿಯುವ ನೆಲದ ಗೆರೆ ನಮ್ಮ ಮನೆತನದ ಕಣಿವೆಯ ಕೆಳಗೇ ನಿಂತುಬಿಟ್ಟಿತ್ತು; ಕಣಿವೆ ಹೊರಗುಳಿದಿತ್ತು. ಅವಳ ತಾಯಿ, ಅಜ್ಜಿ ಎಲ್ಲ ಹಣ್ಣು ಕಿತ್ತ ಕಣಿವೆ ಅದು. ಅವಳ ನಂತರ ನನಗೆ ಬರಬೇಕಾದದ್ದು.

"ಹೌದು ಅಂತ ನನ್ನ ಕೈಯಾರೆ ಗುರುತು ಹಾಕಲಾರೆ ಕಣೇ," ಎಂದಳು. "ಬೇಡ ಅನ್ನೋಕೂ ಬಾಯಿ ಬರಲ್ಲ, ನಮ್ಮಣ್ಣ ಇದಕ್ಕಾಗೇ ಓಡಾಡಿ ಸತ್ತ. ಸುಮ್ನೆ ಮನೇಲಿರ್ತೀನಿ. ಸುಮ್ನಿದ್ರೆ ಒಪ್ಪಿದ ಹಾಗೇ ತಾನೆ?"

"ಅಲ್ಲಿ ಹಾಗಲ್ಲ ದೊಡ್ಡಮ್ಮ. ನೀನು ಬರದೇ ಇದ್ರೆ ಬೇಡ ಅಂದ ಹಾಗೆ."

ಅವಳು ಚಮಚ ಕೆಳಗಿಟ್ಟಳು. "ನನ್ನನ್ನ ಕೇಳದೇನೇ ನನ್ನ ಬಾಯಲ್ಲಿ ಬೇಡ ಅನ್ನಿಸ್ತಾರಾ?"

ಅವಳ ಮುಖ ಸಣ್ಣದಾಯಿತು. ನನಗೋ, ನಾಚಿಕೆಗೇಡು, ಒಂದು ಮತ ಸಿಕ್ಕಿತು ಎಂದು ಖುಷಿಯಾಯಿತು. ಸ್ವಲ್ಪ ತಾಳು ಎಂದು ಒಳಗೆ ಹೋದವಳು ಬಾಟಲಿಗಳು ತುಂಬಿದ ಪೆಟ್ಟಿಗೆ ಹೊತ್ತು ಬಂದಳು. ಅದೇ ಕಣಿವೆಯಲ್ಲಿ ಆ ವರ್ಷ ಕಿತ್ತು ಕಾಪಿಟ್ಟ ಕಾಡುಹಣ್ಣು.

ಸಭಾಭವನದ ಮುಂದೆ ಹಿಮದಲ್ಲಿ ಹದಿನೈದು ಜನರ ಸಾಲು ಇತ್ತು. ದೊಡ್ಡಮ್ಮ ಸಾಲಿಗೆ ಸೇರಲಿಲ್ಲ. ಪೆಟ್ಟಿಗೆ ಕೆಳಗಿಳಿಸಿ, ಔತಣದಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತು, ನಮ್ಮ ಮನೆತನದ ಹೆಸರು, ಕಣಿವೆಯ ಹೆಸರು, ಅದರ ಎರಡೂ ಬದಿಯ ಗುಡ್ಡಗಳ ಹೆಸರು ಹೇಳಿದಳು.

"ಇದು ನಮ್ದು. ಇವತ್ತು ನಾನೇ ಬಿಟ್ಟುಕೊಡ್ತಿದೀನಿ. ನೀವೆಲ್ಲ ಕೇಳಿಸ್ಕೊಂಡ್ರಿ."

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಾಟಲಿ ಕೊಟ್ಟಳು. ಗಂಡಸರು ಟೋಪಿ ತೆಗೆದು ಇಸಿದುಕೊಂಡರು. ಬೇಡ ಎನ್ನಲೆಂದೇ ಬಂದಿದ್ದ ನಮ್ಮ ಪಕ್ಕದ ಮನೆಯವನೂ ತಲೆ ತಗ್ಗಿಸಿ ಇಸಿದುಕೊಂಡ.

ಕಡೆಯದನ್ನು ನನ್ನತ್ತ ಚಾಚಿದಳು. ನನ್ನ ಕೈ ಏಳಲಿಲ್ಲ. ಇಷ್ಟು ನೆಲ ಉಳಿಯುತ್ತದೆ, ಮಿಕ್ಕದ್ದನ್ನು ಬಿಡಬೇಕು ಎಂದು ಒಂದು ತಿಂಗಳಿಂದ ಕಂಡವರ ಬಾಗಿಲಲ್ಲಿ ನಿಂತು ಗಿಳಿಪಾಠ ಒಪ್ಪಿಸಿದವಳು ನಾನು. ಈಗ ಇದನ್ನು ತೆಗೆದುಕೊಂಡರೆ ಕಣಿವೆ ನನ್ನದು ಎಂದು ಇನ್ನು ಯಾವತ್ತೂ ಹೇಳುವಂತಿಲ್ಲ. ನನ್ನ ಹೆಣ್ಣುಮಕ್ಕಳೂ ಹೇಳುವಂತಿಲ್ಲ.

"ತಗೋ," ಎಂದಳು ದೊಡ್ಡಮ್ಮ, ಮೆಲ್ಲಗೆ. "ಬೇರೆಯವರ ಹತ್ರ ಹೌದು ಅನ್ನಿಸೋದು ಸುಲಭ."

ಎರಡೂ ಕೈ ಚಾಚಿ ತೆಗೆದುಕೊಂಡೆ. ಅವಳು ಹೆಗಲ ಮೇಲಿನ ಹಿಮ ಕೊಡವಿಕೊಂಡು, ಗುರುತು ಹಾಕಲು ಒಳಗೆ ಹೋದಳು. ನನಗೆ ಅಳು ತಡೆಯಲಾಗಲಿಲ್ಲ.