ವನಮಾಲಕ್ಕ ಗದರಿದ ಭಾನುವಾರ

ಕೋಪರಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ದೇವದಾಸರು ಎಷ್ಟು ಭಾರವನ್ನಾದರೂ ಎತ್ತಬಲ್ಲರು. ಡೊಂಬಿವಲಿಯ ಇಪ್ಪತ್ತನಾಲ್ಕರ ಹರೆಯದ ಯತಿನ್‌ಗೆ ಹಾರಲು ಬರುತ್ತದೆ. ಕಲ್ಯಾಣದ ಶಾಲೆಯೊಂದರಲ್ಲಿ ಗಣಿತ ಕಲಿಸುವ ವನಮಾಲಾಗೆ ಗೋಡೆಯೊಳಗೆ ಬಿರುಕು ಬಿಡುವ ಸದ್ದೂ ಕೇಳಿಸುತ್ತದೆ. ಅಪಾಯದಲ್ಲಿದ್ದವರನ್ನು ಕಾಪಾಡಲೆಂದು ಮೂವರೂ ತಂಡ ಕಟ್ಟಿ ತಿಂಗಳಾಗಿತ್ತು. ನಾಯಕ ಯಾರೆಂಬುದು ಮಾತ್ರ ಬಗೆಹರಿದಿರಲಿಲ್ಲ.

"ಪ್ರಾಯದಲ್ಲಿ ದೊಡ್ಡವ ನಾನಲ್ವಾ ಮಾರಾಯ?" ಎನ್ನುತ್ತಿದ್ದರು ದೇವದಾಸ್.

"ಅರೆ ಅಂಕಲ್, ಮೇಲಿಂದ ಪೂರಾ ನಜಾರಾ ಕಾಣೋದು ನನಗೇ ನಾ!" ಎನ್ನುತ್ತಿದ್ದ ಯತಿನ್.

ಈ ಜಗಳ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಬೀದಿಗೆ ಬಿತ್ತು. ಈರುಳ್ಳಿ ಲಾರಿಯೊಂದು ವಾಲಿ ಚಾಲಕ ಒಳಗೆ ಸಿಕ್ಕಿಬಿದ್ದಿದ್ದ. ದೇವದಾಸ್ ಎಡಕ್ಕೆ ಎತ್ತಿದರು, ಯತಿನ್ ಬಲಕ್ಕೆ ಎಳೆದ. ಚಾಲಕನೇನೋ ಉಳಿದ, ಈರುಳ್ಳಿಯೆಲ್ಲ ಇಬ್ಬರ ತಲೆ ಮೇಲೆ ಸುರಿಯಿತು. ಆಮೇಲೆ ವಾರವಿಡೀ ಇಬ್ಬರೂ ಮಾತು ಬಿಟ್ಟರು. ನಡುವೆ ಸಿಕ್ಕ ವನಮಾಲಾ ಅವನ ಮಾತನ್ನು ಇವರಿಗೆ, ಇವರ ಮಾತನ್ನು ಅವನಿಗೆ ಮುಟ್ಟಿಸಿ ಬೇಸತ್ತರು.

ಮುಂದಿನ ಭಾನುವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಬಾಲ್ಕನಿ ಜೋತುಬಿದ್ದಿತು. ಅದರ ಮೇಲೆ ಒಬ್ಬ ಅಜ್ಜಿ ನಿಂತಿದ್ದರು. ಉಳಿದವರೆಲ್ಲ ಹೊರಗೆ ಓಡಿ ಬಂದಿದ್ದರು. ಸುದ್ದಿ ತಿಳಿದು ತಂಡದ ಮೂವರೂ ಅಲ್ಲಿಗೆ ಧಾವಿಸಿದರು.

"ನಾನು ಮೇಲೆ ಹತ್ತಿ ಬಾಲ್ಕನಿ ಹಿಡೀತೇನೆ, ನೀನು ಸುಮ್ಮನಿರು!"

"ಬಿಲ್‌ಕುಲ್ ಇಲ್ಲ ಅಂಕಲ್, ನಾನು ಮೊದಲು ಹೋಗ್ತೀನಿ!"

ವನಮಾಲಾ ಕಿವಿಗೊಟ್ಟರು. ಮುರಿಯುವ ಸದ್ದು ಬಾಲ್ಕನಿಯದಾಗಿರಲಿಲ್ಲ, ನೆಲಮಟ್ಟದ ಕಂಬದ್ದು.

"ಇಬ್ರೂ ಬಾಯಿ ಮುಚ್ಚಿ!" ಎಂದು ಗದರಿದರು. ಅವರ ದನಿ ಏರಿದ್ದು ಅದೇ ಮೊದಲು. "ದೇವಣ್ಣ, ಬಾಲ್ಕನಿ ಬಿಡಿ, ಆ ಮೂಲೆಯ ಕಂಬಕ್ಕೆ ಹೆಗಲು ಕೊಡಿ. ಯತಿನ್, ಅಜ್ಜಿಯನ್ನು ಇಳಿಸು."

ದೇವದಾಸ್ ಓಡಿ ಹೋಗಿ ಕಂಬಕ್ಕೆ ಹೆಗಲೊಡ್ಡಿದರು. ಯತಿನ್ ಹಾರಿದ. ಅಜ್ಜಿಯೋ ಬಿಸಿಲಿಗಿಟ್ಟ ಮಾವಿನ ಉಪ್ಪಿನಕಾಯಿಯ ಭರಣಿಯನ್ನು ಅಪ್ಪಿ ಹಿಡಿದು, ಅದನ್ನು ಮೊದಲು ಇಳಿಸೆಂದು ಮರಾಠಿಯಲ್ಲಿ ಹಟ ಹಿಡಿದರು.

ಯತಿನ್ ಗಾಳಿಯಲ್ಲೇ ನಿಂತು ಕೂಗಿದ, "ಅಕ್ಕಾ, ಏನು ಮಾಡ್ಲಿ?"

ಆವರೆಗೆ ಅವನು ಯಾರನ್ನೂ ಹಾಗೆ ಕೇಳಿದವನಲ್ಲ.

"ಭರಣಿ ಅವರ ಕೈಯಲ್ಲೇ ಇರಲಿ. ಅವರನ್ನೂ ಅದನ್ನೂ ಒಟ್ಟಿಗೆ ಎತ್ತು! ದೇವಣ್ಣ, ಇನ್ನೆರಡು ನಿಮಿಷ ಆದೀತಾ?"

"ನೀವು ಹೇಳುವವರೆಗೂ ಆಗ್ತದೆ," ಎಂದರು ದೇವದಾಸ್, ಹಲ್ಲು ಕಚ್ಚಿ.

ಅಜ್ಜಿ ಭರಣಿ ಸಮೇತ ನೆಲ ಮುಟ್ಟಿದರು. ಅಗ್ನಿಶಾಮಕ ದಳದವರು ಬಂದು ಕಂಬಕ್ಕೆ ಕಬ್ಬಿಣದ ಆಸರೆ ಕೊಟ್ಟ ಮೇಲೆ ದೇವದಾಸ್ ಮೈತುಂಬ ಸುಣ್ಣದ ಪುಡಿಯೊಂದಿಗೆ ಹೊರಬಂದರು. ಯತಿನ್ ಓಡಿ ಹೋಗಿ ಅವರ ಹೆಗಲು ಒತ್ತಿದ.

"ಸಾರಿ ಅಂಕಲ್. ಕಂಬದ ಬಿರುಕು ನನಗೆ ಕಾಣಲೇ ಇಲ್ಲ."

"ನನಗೆ ಮಾತ್ರ ಎಂತ ಗೊತ್ತಿತ್ತು? ಬಾಲ್ಕನಿ ಹಿಡ್ಕೊಂಡು ನಿಂತಿದ್ದರೆ ಇಡೀ ಬಿಲ್ಡಿಂಗೇ ಬೀಳ್ತಿತ್ತು." ದೇವದಾಸ್ ವನಮಾಲಾ ಕಡೆ ತಿರುಗಿದರು. "ಇನ್ನು ಮುಂದೆ ನೀವು ಹೇಳಿ, ನಾವು ಮಾಡ್ತೇವೆ."

ವನಮಾಲಾಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

"ಹಾಗಾದ್ರೆ ಕೇಳಿ," ಎಂದರು ಬೆವರು ಒರೆಸಿಕೊಳ್ಳುತ್ತ. "ಮೊದಲು ಇಬ್ರೂ ಮುಖ ತೊಳ್ಕೊಳ್ಳಿ. ಬೆಳಿಗ್ಗೆಯಿಂದ ನಾನು ಚಾ ಕೂಡ ಕುಡಿದಿಲ್ಲ."

ಇಬ್ಬರೂ ಒಟ್ಟಿಗೇ ನಲ್ಲಿಯತ್ತ ಓಡಿದರು.