ದವಡೆಯ ಕೀಲು

“ಇನ್ನೂ ಸ್ವಲ್ಪ ತೆಗೀರಿ,” ಎಂದಳು ಡಾಕ್ಟರ್ ಸೌಮ್ಯ.

ತೀರ್ಥಪ್ರಸಾದನ ಬಾಯಿ ಅದಕ್ಕಿಂತ ಹೆಚ್ಚು ತೆರೆಯಲಿಲ್ಲ. ಎರಡು ಬೆರಳು ತೂರುವಷ್ಟು ಸಂದು ಬಿಟ್ಟು ದವಡೆ ಹಠ ಹಿಡಿದು ನಿಂತಿತು. ಅವಳು ಅವನ ಕಿವಿಯ ಮುಂದೆ ಬೆರಳಿಟ್ಟು, ಮುಚ್ಚಿ ತೆರೆಯಲು ಹೇಳಿದಳು. ಒಳಗೆ ಟಕ್ ಎಂದಿತು. ಕೆನ್ನೆಯ ಸ್ನಾಯು ಒತ್ತಿದಾಗ ಅವನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ನೋವಿದ್ದ ಜಾಗವನ್ನು ಕೊನೆಗೂ ಒಬ್ಬರು ಮುಟ್ಟಿದರಲ್ಲ ಎಂಬ ಸಮಾಧಾನಕ್ಕೆ.

ಎರಡು ವರ್ಷದಿಂದ ಅದು ಕಿವಿ, ತಲೆ, ಕುತ್ತಿಗೆಗಳಲ್ಲಿ ಅಲೆದಾಡಿತ್ತು. ಕಿವಿಯ ಡಾಕ್ಟರು ಹನಿ ಕೊಟ್ಟರು. ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮತ್ತೊಬ್ಬರು ದವಡೆ ಹಲ್ಲನ್ನೇ ಕಿತ್ತು ಕಳಿಸಿದರು. ಹೆಂಡತಿ ಯಮುನ ಮೊದಲೆಲ್ಲ ಬೆಳಗ್ಗೆ ಎದ್ದ ಕೂಡಲೇ “ಹೆಂಗುಟ್ಟು?” ಎಂದು ತಮ್ಮ ಅರೆಭಾಷೆಯಲ್ಲಿ ನೋವು ಹೇಗಿದೆಯೆಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ರಿಪೋರ್ಟಿನಲ್ಲಿ ಕಾಣದ ನೋವಿಗೆ ಎಷ್ಟು ದಿನ ಅಂತ ಮರುಗುವುದು?

“ಕಿತ್ತ ಹಲ್ಲಿನದೇನೂ ತಪ್ಪಿರಲಿಲ್ಲ,” ಎಂದಳು ಸೌಮ್ಯ, ಕೈಗವಸು ಕಳಚುತ್ತ. “ಕೀಲಿನೊಳಗಿನ ಮೆತ್ತೆ ಜಾಗ ಬಿಟ್ಟು ಸರಿದಿದೆ. ಸ್ನಾಯು ಹಗ್ಗದ ಹಾಗೆ ಬಿಗಿದಿದೆ. ನೀವು ಹಲ್ಲು ಕಚ್ತೀರಿ.”

“ನಿದ್ದೇಲಾ?”

“ಹಗಲೂ ಕಚ್ತೀರಿ. ಯಾವಾಗ ಅಂತ ನೀವೇ ಗಮನಿಸ್ಬೇಕು.”

ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚಕ್ಕೆ ಹೇಗೋ ಅಚ್ಚು ತೆಗೆದುಕೊಂಡಳು. ಬಿಸಿ ಶಾಖ, ಮೆತ್ತಗಿನ ಊಟ. ಎಚ್ಚರವಿರುವಷ್ಟು ಹೊತ್ತೂ ತುಟಿ ಸೇರಿರಲಿ, ಒಳಗೆ ಮೇಲಿನ ಕೆಳಗಿನ ಹಲ್ಲು ಬಿಟ್ಟಿರಲಿ ಎಂದಳು.

“ಪೂರ್ತಿ ಗುಣ ಆಗ್ತದಾ?”

“ಕಡಿಮೆ ಆಗ್ತದೆ. ನಿಧಾನಕ್ಕೆ.”

ಅಮ್ಮತ್ತಿ ದಾಟಿ ಪಾಲಿಬೆಟ್ಟದ ಕಡೆ ಜೀಪು ತಿರುಗಿಸುವಷ್ಟರಲ್ಲಿ ಫೋನ್ ಬಂತು. ಅವನು ಮ್ಯಾನೇಜರಾಗಿದ್ದ ಎಸ್ಟೇಟಿನ ಯಜಮಾನರು, ಬೋಜಪ್ಪ.

“ಪ್ರಸಾದ್, ಲೇಬರ್ ಆಫೀಸರ್ ಬಂದು ಕೂತಿದ್ದಾರೆ. ಮರದಿಂದ ಬಿದ್ದಾಗ ಸಿದ್ದ ಕುಡಿದಿದ್ದ. ಅಷ್ಟೇ.”

“ಸರಿ ಸಾರ್.”

ಫೋನ್ ಇಟ್ಟಾಗ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಎರಡು ವರ್ಷದ ರೋಗ ಮೊದಲ ಸಲ ಕೈಗೆ ಸಿಕ್ಕಿಬಿದ್ದಂತಾಯಿತು. ‘ಸರಿ ಸಾರ್’ ಎನ್ನಲು ಹಲ್ಲು ಬಿಡಬೇಕಾಗಿಯೇ ಇಲ್ಲ ಎಂದು ಹೊಳೆದು ನಗು ಬಂತು. ನಕ್ಕರೆ ನೋಯುತ್ತಿತ್ತು.

ಮಳೆಗಾಲಕ್ಕೆ ಮುಂಚೆ ತೋಟದ ನೆರಳು ಮರಗಳ ಕೊಂಬೆ ಸವರಿ ಮುಗಿಸಬೇಕಿತ್ತು. ಹಿಂದಿನ ವಾರ ಮಳೆ ಹೊಡೆದು ಮರಗಳು ಜಾರುತ್ತಿದ್ದವು. ಇವತ್ತು ಬೇಡ ಎಂದಿದ್ದ, ಮರ ಹತ್ತುವ ಆಳು ಸಿದ್ದ. ಕಾಯುವುದಕ್ಕಾಗದು ಎಂದಿದ್ದರು ಬೋಜಪ್ಪ. ಆ ಮಾತನ್ನು ಯಜಮಾನರ ಬಾಯಿಂದ ಸಿದ್ದನ ಕಿವಿಗೆ ದಾಟಿಸಿದವನು ತೀರ್ಥಪ್ರಸಾದ. ಕೃಷಿ ಕಾಲೇಜಿನಲ್ಲಿ ಕಲಿಸದ ಕೆಲಸ, ತಾನಾಗಿಯೇ ಕೈಹತ್ತಿತ್ತು. ಬಿದ್ದ ಸಿದ್ದನಿಗೆ ಈಗ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿದ್ದಾನೆ.

ಎಸ್ಟೇಟ್ ಆಫೀಸಿನ ಜಗಲಿಯ ಕೆಳಮೆಟ್ಟಿಲಲ್ಲಿ ಸಿದ್ದನ ಹೆಂಡತಿ ಹುಚ್ಚಮ್ಮ ಕೂತಿದ್ದಳು. ಒಳಗೆ ಆಫೀಸರು ಕಾಫಿ ಕುಡಿಯುತ್ತಿದ್ದರು.

“ಇವರಿಗೆ ದವಡೆ ನೋವು ಸಾರ್,” ಎಂದರು ಬೋಜಪ್ಪ ಅಕ್ಕರೆಯಿಂದ. “ಜಾಸ್ತಿ ಮಾತಾಡಿಸ್ಬೇಡಿ.”

“ಹೌದು, ಇಲ್ಲ ಅಂದ್ರೆ ಸಾಕು,” ಎಂದರು ಆಫೀಸರು. “ಅವನು ಕುಡಿದಿದ್ನಾ?”

ತೀರ್ಥಪ್ರಸಾದ ತುಟಿ ಸೇರಿಸಿದ. ಹಲ್ಲು ಬಿಟ್ಟ. ಒಂದು ಕ್ಷಣ ಬಾಯೊಳಗೆ ಖಾಲಿ ಕೋಣೆಯೊಂದು ತೆರೆದಂತಾಯಿತು.

“ಇಲ್ಲ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ.

“ಮರ ಒದ್ದೆಯಿತ್ತು. ಹತ್ತಲ್ಲ ಅಂದ. ನಾನು ಹತ್ತಿಸ್ದೆ. ನನಗೆ ಹೇಳಿದ್ದು ಇವರು.” ಪ್ರತಿ ಮಾತಿಗೂ ಕೀಲು ಟಕ್ ಎನ್ನುತ್ತಿತ್ತು.

ಬೋಜಪ್ಪನವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. “ನೋವಿನ ಮಾತ್ರೆ ತಗೊಂಡಿದ್ದೀರಾ? ಮಂಪರಿದ್ದ ಹಾಗಿದೆ.”

“ತಗೊಂಡಿಲ್ಲ ಸಾರ್. ಇನ್ನೊಂದ್ಸಲ ಹೇಳ್ತೇನೆ.”

ಹೇಳಿದ. ಈ ಸಲ ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ. ಆಫೀಸರು ಕಪ್ಪನ್ನು ಕೆಳಗಿಟ್ಟರು. ಬೋಜಪ್ಪ ಅಂಗೈ ಚಾಚಿದರು. ತೀರ್ಥಪ್ರಸಾದ ಅದರ ಮೇಲೆ ಜೀಪಿನ ಕೀ ಇಟ್ಟು ಹೊರಬಂದ.

ಹುಚ್ಚಮ್ಮ ತಲೆಯೆತ್ತಿದಳು. ತಾನು ಹೇಳಿದ್ದು ಅವಳಿಗೆ ಕೇಳಿದೆ ಎಂದು ಅವನಿಗೆ ಖಾತ್ರಿಯಿತ್ತು.

“ಅವ ನಡೀತಾನಾ ಸಾರ್?”

ಅವನ ಬಾಯಿ ತೆರೆದೇ ಇತ್ತು. ಅವಳ ಪಕ್ಕದಿಂದ ಮೆಟ್ಟಿಲಿಳಿದ.

ರಸ್ತೆಗಿಳಿದು ನಡೆದ. ಕ್ವಾರ್ಟರ್ಸ್ ಆ ಕಡೆಯೇ ಇತ್ತು. ಇನ್ನೆಷ್ಟು ದಿನ ಇರುತ್ತದೋ. ಯಮುನಳಿಗೆ ಹೇಳಬೇಕು. ನೋವು ಕಿವಿಯವರೆಗೆ ಏರಿ ಬಡಿಯುತ್ತಿತ್ತು. ಒಳಗೆಲ್ಲೋ ತಾನು ಆಸೆ ಇಟ್ಟುಕೊಂಡಿದ್ದೆ ಎಂಬುದು ಈಗ ತಿಳಿಯಿತು. ನಿಜ ಹೇಳಿದರೆ ವಾಸಿಯಾಗುತ್ತದೆ ಎಂದು ಸೌಮ್ಯ ಹೇಳಿರಲಿಲ್ಲ. ಮೂಳೆಗೆ ನಿಜವೂ ಒಂದೇ, ಸುಳ್ಳೂ ಒಂದೇ. ಇರಲಿ. ನೋವಿನ ಜೊತೆಗೇ ಹೆಜ್ಜೆ ಹಾಕಿದ. ಹಲ್ಲು ಕಚ್ಚಲಿಲ್ಲ.

ತಿರುವಿನಲ್ಲಿ ಅರಣ್ಯ ಇಲಾಖೆಯ ಲಾರಿ ನಿಧಾನವಾಗಿ ಎದುರು ಬಂತು. ತೋಟಗಳಿಗೆ ನುಗ್ಗುತ್ತಿದ್ದ ಒಂಟಿ ಸಲಗವನ್ನು ಹಿಡಿದು ಸಾಗಿಸುತ್ತಿದ್ದರು. ಹಿಂದೆ ಬೈಕುಗಳು, ಎತ್ತಿ ಹಿಡಿದ ಫೋನುಗಳು. ನಾಲ್ಕೂ ಕಾಲಿಗೆ ಹಗ್ಗ ಬಿಗಿದಿತ್ತು. ಚುಚ್ಚಿದ ಮದ್ದು ಪೂರ್ತಿ ಇಳಿದಿರದ ಆನೆ, ಕಣ್ಣು ಅರೆಮುಚ್ಚಿ, ಏನೂ ಇಲ್ಲದ ಬಾಯಲ್ಲಿ ಅಗಿಯುತ್ತಿತ್ತು.

ಎರಡು ವರ್ಷ ತಾನು ಕಚ್ಚಿಕೊಂಡಿದ್ದ ದವಡೆಯನ್ನೇ ಅಲ್ಲಿ ಕಂಡಂತಾಗಿ, ತೀರ್ಥಪ್ರಸಾದ ರಸ್ತೆಯ ನಡುವೆ ಬಂದು ನಿಂತ.

ಲಾರಿ ಹಾರ್ನ್ ಹೊಡೆಯಿತು. ಅವನು ಸರಿಯಲಿಲ್ಲ. ಬ್ರೇಕಿನ ಸದ್ದಾಯಿತು, ಗಾರ್ಡ್ ಒಬ್ಬ ಇಳಿದು ಬೈಯುತ್ತ ಬಂದ, ಅಷ್ಟೂ ಫೋನುಗಳು ತೀರ್ಥಪ್ರಸಾದನ ಕಡೆ ತಿರುಗಿದವು. ಮೇಲೆ, ಹಗ್ಗಗಳ ನಡುವೆ, ಆ ದೊಡ್ಡ ದವಡೆ ಬರಿಯ ಗಾಳಿಯನ್ನು ಅರೆಯುತ್ತಲೇ ಇತ್ತು.